ಮಿಡತೆಯ ಬೆನ್ನುಹತ್ತಿ

ಹುಲಿಯ ಚಿತ್ರವನ್ನು ತೆಗೆದು ತಂದವನಿಗೆ ಊರಲ್ಲಿ ಮರ್ಯಾದೆಯುಂಟು. ನವಿಲಿನ ಚಿತ್ರ ತೆಗೆದವನನ್ನು ರಸಿಕನೆಂದು ಕರೆಯುವರು. ಮಿಡತೆಯ ಚಿತ್ರ ತೆಗೆಯಲು ಹೊರಟವನಿಗೆ ಇವೆರಡರಲ್ಲಿ ಒಂದು ಬಿರುದೂ ದೊರೆಯುವುದಿಲ್ಲ. ಅವನು ಹೊಲದ ಬದುವಿನಲ್ಲಿ ಮೊಣಕಾಲೂರಿ ಕುಳಿತಿರುವುದನ್ನು ಕಂಡ ಜನ, ಪಾಪ, ಏನನ್ನೋ ಕಳೆದುಕೊಂಡಿರಬೇಕೆಂದು ಬಗೆದು ತಾವೂ ಹುಡುಕತೊಡಗುವರು. ಸಂಗತಿ ತಿಳಿದ ಮೇಲೆ ಮುಗುಳುನಕ್ಕು ತಮ್ಮ ದಾರಿ ಹಿಡಿಯುವರು. ಆ ಮುಗುಳುನಗೆಯನ್ನು ಹನ್ನೆರಡು ವರ್ಷಗಳಿಂದ ಸಂಪಾದಿಸುತ್ತ ಬಂದವನು ನಾನು. ಈ ಪುಟಗಳಲ್ಲಿ ಛಾಯಾಚಿತ್ರ ಮೂಡಲಾರದಾದುದರಿಂದ, ಚಿತ್ರ ತೆಗೆಯುವಾಗ ಕಂಡುದನ್ನು ಮಾತಿನಲ್ಲಿಯೇ ನಮ್ಮ ಉಪಾಧ್ಯಾಯ ಬಂಧುಗಳ ಮತ್ತು ವಿದ್ಯಾರ್ಥಿಗಳ ಮುಂದಿಡುತ್ತೇನೆ.

ನನ್ನ ಮನೆ ಇರುವುದು ಉದಗೀರದಲ್ಲಿ. ನಾನು ಪಾಠ ಹೇಳಿ ನಿವೃತ್ತನಾದುದು ಗಡಿಯ ಆಚೆ, ಬೀದರ ಜಿಲ್ಲೆಯ ಹಳ್ಳಿಗಳ ಕನ್ನಡ ಶಾಲೆಗಳಲ್ಲಿ. ಆಚೆ ಈಚೆ ಎಂಬ ಈ ಮಾತು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ. 1956ರ ನವೆಂಬರ್ 1ನೆಯ ತಾರೀಖಿನವರೆಗೆ ಉದಗೀರ, ನಿಲಂಗಾ, ಅಹಮದಪುರಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೇ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ, ಭಾಲ್ಕಿ, ಹುಮನಾಬಾದ್, ಔರಾದ್‌ಗಳು ಅಂದಿನ ಮೈಸೂರು ರಾಜ್ಯಕ್ಕೆ ಹೋದವು. ನಾವು ಮುಂಬಯಿ ರಾಜ್ಯಕ್ಕೆ ಬಂದೆವು. 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರ ಜಿಲ್ಲೆಯಾಯಿತು. ಕಾಗದದ ಮೇಲೆ ಗೆರೆ ಇಷ್ಟು ಸಲ ಬದಲಾದರೂ ಗೆರೆಯ ಎರಡೂ ಬದಿಯ ಎರೆಯ ಹೊಲ, ಬದುವಿನ ಹುಲ್ಲು, ಎಕ್ಕೆಯ ಗಿಡ, ಹುಲ್ಲಿನೊಳಗಿನ ಮಿಡತೆ ಮಾತ್ರ ಒಂದೇ ಬಗೆಯಾಗಿ ಉಳಿದಿವೆ.

ಹೆಸರುಗಳಾದರೋ ಹಲವು. ನಮ್ಮ ಮನೆಯ ಹೆಂಗಸರು ಅದನ್ನು ‘ಮಿಡಚಿ’ ಎನ್ನುವರು. ಪುಸ್ತಕದ ಕನ್ನಡದಲ್ಲಿ ಅದು ಮಿಡತೆ. ಪಕ್ಕದ ಮನೆಯ ಮರಾಠಿ ಹುಡುಗನಿಗೆ ‘ನಾಕತೋಡಾ’, ಎಂದರೆ ಮೂಗು ಮುರಿಯುವವನು, ಪೇಟೆಯ ದಖನಿ ಉರ್ದುವಿನಲ್ಲಿ ‘ಟಿಡ್ಡಾ’, ತೆಲುಗರಿಗೆ ‘ಮಿಡತ’. ಇವುಗಳಲ್ಲಿ ಕನ್ನಡದ ಹೆಸರಿನ ಮೇಲೆ ನನಗೆ ಹೆಚ್ಚಿನ ಮೋಹ. ಅದು ಕೇವಲ ತಾಯ್ನುಡಿಯೆಂಬ ಪಕ್ಷಪಾತವೆಂದು ತಿಳಿಯಬಾರದು. ‘ಮಿಡಿ’ ಎಂಬ ಧಾತುವಿನೊಡನೆ ಆ ಹೆಸರಿಗೆ ನಂಟುಂಟು. ನಾವು ಬಿಲ್ಲಿನ ಹೆದೆಯನ್ನು ಮಿಡಿಯುತ್ತೇವೆ, ವೀಣೆಯ ತಂತಿಯನ್ನು ಮಿಡಿಯುತ್ತೇವೆ. ಮಿಡತೆ ನೆಗೆಯುವುದೂ ನಿಜವಾಗಿ ಹಾಗೆಯೇ. ಅದರ ಹಿಂಗಾಲಿನ ಸ್ನಾಯು ಬಲವಾದುದು. ಆದರೆ ಒಮ್ಮೆಗೇ ಅಷ್ಟು ದೂರ ಎಸೆಯುವಷ್ಟು ಚುರುಕಾದುದಲ್ಲ. ಆದುದರಿಂದ ಮಿಡತೆ ಮೊದಲು ಕಾಲನ್ನು ಪೂರ್ತಿಯಾಗಿ ಮಡಿಚಿ, ಅಗುಳಿ ಹಾಕಿದಂತೆ ಹಿಡಿದುಕೊಂಡು, ಸ್ನಾಯುವನ್ನು ಮೆಲ್ಲಮೆಲ್ಲನೆ ಬಿಗಿಯುತ್ತದೆ. ಮೊಣಕಾಲ ಬಳಿಯಲ್ಲಿರುವ ಅರ್ಧಚಂದ್ರಾಕಾರದ ಗಟ್ಟಿ ಪಟ್ಟಿಗಳು ಆಗ ಬಿಲ್ಲಿನಂತೆ ಬಾಗಿ ಶಕ್ತಿಯನ್ನು ಕೂಡಿಡುತ್ತವೆ. ಅಗುಳಿ ಕಳಚಿದೊಡನೆ ಬಿಲ್ಲು ಮಿಡಿಯುತ್ತದೆ, ಮಿಡತೆ ಹಾರುತ್ತದೆ. ಬೆನೆಟ್-ಕ್ಲಾರ್ಕ್ ಎಂಬ ಇಂಗ್ಲಿಷ್ ವಿಜ್ಞಾನಿ ಈ ಲೆಕ್ಕವನ್ನು ವಿವರವಾಗಿ ಅಳೆದು ಪ್ರಕಟಿಸಿದುದು 1975ರಲ್ಲಿ. ಹೆಸರಿಟ್ಟ ನಮ್ಮ ಪೂರ್ವಿಕರು ಅಳತೆಗೋಲು ಹಿಡಿದವರಲ್ಲ. ಆದರೂ ಕಣ್ಣಿಟ್ಟು ನೋಡಿದ್ದರೆಂಬುದಕ್ಕೆ ಆ ಹೆಸರೇ ಸಾಕ್ಷಿ.

ನನ್ನ ಸಲಕರಣೆ ಬಲು ಸಾಧಾರಣವಾದುದು: ಒಂದು ಮೊಬೈಲು, ಅದರ ಕಣ್ಣಿನ ಮೇಲೆ ಚಿಮಟಿಗೆಯಂತೆ ಸಿಕ್ಕಿಸುವ ಒಂದು ಚಿಕ್ಕ ಮಸೂರ. ಇಷ್ಟರಿಂದಲೇ ಮಿಡತೆಯ ಮೀಸೆಯ ಗೆಣ್ಣುಗಳನ್ನು ಎಣಿಸುವಂತಹ ಚಿತ್ರ ಬರುತ್ತದೆ. ಆದರೆ ಮಸೂರವನ್ನು ನಾಲ್ಕು ಬೆರಳಿನಷ್ಟು ಹತ್ತಿರಕ್ಕೆ ಒಯ್ಯಬೇಕು. ಮಿಡತೆಯಾದರೋ ನಾಲ್ಕು ಮಾರು ದೂರದಲ್ಲಿಯೇ ನಮ್ಮ ಬರವನ್ನು ಅರಿಯುತ್ತದೆ. ಈ ನಾಲ್ಕು ಮಾರನ್ನು ದಾಟುವುದೇ ಈ ವಿದ್ಯೆಯ ಸರ್ವಸ್ವ.

ಹೊತ್ತನ್ನು ಅರಿಯುವುದು ಮೊದಲ ಪಾಠ. ಮಿಡತೆಯ ಮೈಬಿಸಿ ಸುತ್ತಲಿನ ಗಾಳಿಯನ್ನೂ ಬಿಸಿಲನ್ನೂ ಅವಲಂಬಿಸಿದುದು. ಸೂರ್ಯ ಹುಟ್ಟಿದ ಹೊಸತರಲ್ಲಿ, ಹುಲ್ಲಿನ ಮೇಲೆ ಇಬ್ಬನಿ ಆರುವ ಮುನ್ನ, ಅದು ಜಡವಾಗಿ ಕುಳಿತಿರುತ್ತದೆ. ಬಿಸಿಲಿಗೆ ಬೆನ್ನನ್ನೋ ಪಕ್ಕೆಯನ್ನೋ ಕೊಟ್ಟು ಮೈ ಕಾಯಿಸಿಕೊಳ್ಳುತ್ತದೆ. ಆ ಅರ್ಧ ಗಳಿಗೆಯ ಹೊತ್ತು ಚಿತ್ರಗಾರನದು. ಬಿಸಿಲೇರಿದ ಮೇಲೆ ಅದು ಮಿಡತೆಯದು. ನೆರಳನ್ನು ಕಾಯುವುದು ಎರಡನೆಯ ಪಾಠ. ನಮ್ಮ ನೆರಳು ಅದರ ಮೇಲೆ ಬಿದ್ದಿತೆಂದರೆ ಹದ್ದಿನ ನೆರಳು ಬಿದ್ದಂತೆಯೇ ಸರಿ. ಮೂರನೆಯ ಪಾಠವನ್ನು ಮಿಡತೆಯೇ ಕಲಿಸುತ್ತದೆ. ದಂಟಿನ ಮೇಲೆ ಕುಳಿತುದು ನಮ್ಮನ್ನು ಕಂಡೊಡನೆ ಹಾರುವುದಿಲ್ಲ. ಮೆಲ್ಲನೆ ದಂಟಿನ ಹಿಂಬದಿಗೆ ಸರಿಯುತ್ತದೆ. ನಾವು ಬಲಕ್ಕೆ ಸರಿದರೆ ಅದು ಎಡಕ್ಕೆ, ನಾವು ಎಡಕ್ಕೆ ಸರಿದರೆ ಅದು ಬಲಕ್ಕೆ. ಕಂಬದ ಸುತ್ತ ಕಣ್ಣಾಮುಚ್ಚಾಲೆಯಾಡುವ ಮಗುವಿನಂತೆ ಎರಡು ಮೀಸೆ ಮಾತ್ರ ಹೊರಗೆ ಕಾಣುತ್ತಿರುತ್ತವೆ. ಆಗ ದಂಟಿನ ಆಚೆಗೆ ಒಂದು ಕೈಯನ್ನು ನಿಧಾನವಾಗಿ ಒಡ್ಡಿದರೆ ಸಾಕು. ಕೈಯನ್ನು ಕಂಡು ಅದು ತಾನಾಗಿ ಮಸೂರದ ಮುಂದಕ್ಕೆ ಬರುತ್ತದೆ.

ಹೀಗೆ ಮುಖಾಮುಖಿಯಾದಾಗಲೇ ಅದರ ನಿಜವಾದ ರೂಪ ತಿಳಿಯುವುದು. ಎರಡು ದೊಡ್ಡ ಕಣ್ಣುಗಳಲ್ಲದೆ ಹಣೆಯ ಮೇಲೆ ಮೂರು ಚುಕ್ಕೆಗಣ್ಣುಗಳಿವೆ. ಉಸಿರಾಟ ಮೂಗಿನಿಂದಲ್ಲ, ಪಕ್ಕೆಯ ಉದ್ದಕ್ಕೂ ಸಾಲಾಗಿರುವ ರಂಧ್ರಗಳಿಂದ. ಗಿಡ್ಡ ಮೀಸೆಯ ಮಿಡತೆಗಳಿಗೆ ಕಿವಿ ಇರುವುದು ಹೊಟ್ಟೆಯ ಮೊದಲ ಉಂಗುರದ ಎರಡು ಪಕ್ಕಗಳಲ್ಲಿ. ಹಿತ್ತಲಿನ ಅವರೆ ಬಳ್ಳಿಯಲ್ಲಿ ರಾತ್ರಿ ಕಿರ್ರೆನ್ನುವ ಉದ್ದ ಮೀಸೆಯ ಹಸಿರು ಮಿಡತೆಗೆ ಕಿವಿ ಮುಂಗಾಲಿನಲ್ಲಿ! ಇದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗನು ಎದ್ದು ನಿಂತು, “ಸರ, ಹಂಗಾದ್ರ ಅದರ ಕಿವಿ ಹಿಂಡಬೇಕಾದ್ರ ಕಾಲು ಹಿಡೀಬೇಕೇನ್ರಿ?” ಎಂದು ಕೇಳಿದನು. ಅಂದಿನಿಂದ ಆ ತರಗತಿಯಲ್ಲಿ ಯಾರೂ ಆ ಪಾಠವನ್ನು ಮರೆತಿಲ್ಲ.

ಹುಡುಗರನ್ನು ಕರೆದುಕೊಂಡು ಬಯಲಿಗೆ ಹೋದಾಗ ಮೊದಲು ಅವರಿಗೆ ಏನೂ ಕಾಣುತ್ತಿರಲಿಲ್ಲ. ಉತ್ತ ಹೊಲದ ಮಣ್ಣಿನ ಮೇಲೆ ನೆಲಮಿಡತೆ ಕುಳಿತಿರುತ್ತದೆ. ವಿಜ್ಞಾನದಲ್ಲಿ ಅದಕ್ಕೆ ಕ್ರೋಟೋಗೋನಸ್ ಎಂದು ಹೆಸರು. ಮೈಯೆಲ್ಲ ಹೆಂಟೆಯ ಬಣ್ಣ, ಹೆಂಟೆಯದೇ ಒರಟುತನ. ಆಗತಾನೆ ಮೊಳೆತ ಸಸಿಗಳನ್ನು ಕಡಿದುಹಾಕುವ ಚಾಳಿಯುಳ್ಳದ್ದು. ಹುಲ್ಲಿನ ನಡುವೆ ಅಕ್ರಿಡಾ ಎಂಬ ನೀಳ ಮಿಡತೆಯುಂಟು. ಮುಖ ಓರೆ, ಮೈ ಹುಲ್ಲಿನ ಗರಿಯಷ್ಟೇ ಸಪೂರ. ಹಸಿರು ಹುಲ್ಲಿನಲ್ಲಿ ಹಸಿರಾಗಿ, ಒಣ ಹುಲ್ಲಿನಲ್ಲಿ ಒಣಗಿದ ಬಣ್ಣದ್ದಾಗಿ ಕಾಣುತ್ತದೆ. ಇನ್ನು ಕೋಟೆಯ ಕಡೆಯ ಕಲ್ಲುನೆಲದಲ್ಲಿ, 1760ರಲ್ಲಿ ಮರಾಠರೂ ನಿಜಾಮರೂ ಕಾದಾಡಿದ ಊರಿನ ನೆಲದಲ್ಲಿ, ಅಕ್ರೋಟೈಲಸ್ ಎಂಬ ಬೂದುಬಣ್ಣದ ಪುಟ್ಟ ಮಿಡತೆ ಬೇರೊಂದು ಯುದ್ಧತಂತ್ರವನ್ನು ತೋರಿಸುತ್ತದೆ. ಹಾರಿದಾಗ ಅದರ ಒಳರೆಕ್ಕೆಯ ಕೆಂಪು ಝಗ್ಗನೆ ಹೊಳೆಯುತ್ತದೆ. ನಮ್ಮ ಕಣ್ಣು ಆ ಕೆಂಪನ್ನೇ ಬೆನ್ನಟ್ಟುತ್ತದೆ. ನೆಲಕ್ಕಿಳಿದೊಡನೆ ಕೆಂಪು ಮಡಿಚಿಕೊಳ್ಳುತ್ತದೆ, ಕಲ್ಲಿನ ಬಣ್ಣ ಮೇಲಾಗುತ್ತದೆ. ನಾವು ಇಲ್ಲದ ಕೆಂಪನ್ನು ಹುಡುಕುತ್ತ ನಿಲ್ಲುತ್ತೇವೆ. ಎಂಟು ದಿನ ಹೀಗೆ ತಿರುಗಿದ ಮೇಲೆ ಹುಡುಗರ ಕಣ್ಣು ನನಗಿಂತ ಚುರುಕಾಯಿತು. “ಅಲ್ಲಿ ನೋಡ್ರಿ ಸರ” ಎಂದು ಅವರು ಬೆರಳು ತೋರಿದಲ್ಲಿ ನಾನೇ ಕನ್ನಡಕ ಒರೆಸಿಕೊಂಡು ಹುಡುಕಬೇಕಾಗುತ್ತಿತ್ತು.

ಅಡಗುವ ಈ ಮಿಡತೆಗಳ ನಡುವೆ ಅಡಗದೆ ಮೆರೆಯುವುದೊಂದಿದೆ. ಅದು ಎಕ್ಕೆಯ ಮಿಡತೆ. ಶನಿವಾರ ಹನುಮಪ್ಪನ ಗುಡಿಗೆ ಹಾರಕ್ಕೆಂದು ಎಕ್ಕೆಯೆಲೆ ಕೀಳಹೋದವರೆಲ್ಲ ಅದನ್ನು ಕಂಡೇ ಇರುವರು. ಬೆಳೆದ ಮಿಡತೆಯ ಮೈಮೇಲೆ ಹಳದಿ ಮತ್ತು ಹಸಿರುನೀಲಿಯ ಪಟ್ಟೆಗಳು. ಜಾತ್ರೆಯಲ್ಲಿ ಮಾರುವ ಮರದ ಗೊಂಬೆಗೆ ಬಣ್ಣ ಬಳಿದಂತಹ ವೇಷ. ಮರಿಗಳು ಹಳದಿ, ಅವುಗಳ ಮೇಲೆ ಕಪ್ಪು ಗೆರೆ, ಕೆಂಪು ಚುಕ್ಕೆ. ಫ್ಯಾಬ್ರಿಸಿಯಸ್ ಎಂಬ ಪಂಡಿತನು 1775ರಲ್ಲಿಯೇ ಇದನ್ನು ವರ್ಣಿಸಿ, ಚಿತ್ರಿತವೆಂಬ ಅರ್ಥದ ‘ಪಿಕ್ಟಸ್’ ಎಂಬ ಹೆಸರನ್ನಿಟ್ಟನು. ಅದು ಹೀಗೆ ನಿರ್ಭಯವಾಗಿರುವುದಕ್ಕೆ ಕಾರಣ ಎಕ್ಕೆಯ ಹಾಲಿನಲ್ಲಿದೆ. ದನ ಮುಟ್ಟದ ಆ ಗಿಡದ ವಿಷವನ್ನು ಈ ಮಿಡತೆ ತಿಂದು ಮೈಯಲ್ಲಿ ಉಳಿಸಿಕೊಳ್ಳುತ್ತದೆ. ಮರಿಯನ್ನು ತುಸು ಒತ್ತಿದರೆ ಬೆನ್ನಿನಿಂದ ಒಂದು ದ್ರವವನ್ನು ಚಿಳ್ಳನೆ ಚಿಮ್ಮಿಸುತ್ತದೆ. ಅದರ ಬಣ್ಣವೆಲ್ಲ ಹಕ್ಕಿಗಳಿಗೆ ಬರೆದ ಎಚ್ಚರಿಕೆಯ ಫಲಕ. ಚಿತ್ರ ತೆಗೆಯುವವನಿಗೆ ಇದಕ್ಕಿಂತ ಸೌಜನ್ಯಶೀಲವಾದ ಮಿಡತೆ ಮತ್ತೊಂದಿಲ್ಲ. ಎಷ್ಟು ಹತ್ತಿರ ಹೋದರೂ ಕುಳಿತೇ ಇರುತ್ತದೆ.

ಈ ಸೌಜನ್ಯವೇ 2020ರಲ್ಲಿ ಅದಕ್ಕೆ ಮುಳುವಾಯಿತು. ಆ ವರ್ಷದ ಮೇ ತಿಂಗಳಲ್ಲಿ ಮರುಭೂಮಿಯ ಮಿಡತೆಯ ಹಿಂಡುಗಳು ರಾಜಸ್ಥಾನ, ಮಧ್ಯಪ್ರದೇಶಗಳನ್ನು ದಾಟಿ ವಿದರ್ಭದ ಅಮರಾವತಿ, ವರ್ಧಾ, ನಾಗಪುರಗಳವರೆಗೆ ಇಳಿದು ಬಂದವು. ಒಂದು ಚದರ ಕಿಲೋಮೀಟರಿನ ಹಿಂಡಿನಲ್ಲಿ 4 ಕೋಟಿಯಿಂದ 8 ಕೋಟಿಯವರೆಗೆ ಮಿಡತೆಗಳಿರಬಲ್ಲವು. ಮಹಾಮಾರಿಯಿಂದ ಮನೆಯಲ್ಲಿ ಕುಳಿತಿದ್ದ ಜನ ಇದನ್ನು ದೂರದರ್ಶನದಲ್ಲಿ ಕಂಡು ಮತ್ತಷ್ಟು ನಡುಗಿದರು. ಕೋಲಾರ ಜಿಲ್ಲೆಯಲ್ಲಿ ಎಕ್ಕೆಯ ಗಿಡಗಳ ಮೇಲೆ ಗುಂಪಾಗಿ ಕುಳಿತ ಬಣ್ಣದ ಮಿಡತೆಗಳನ್ನು ಕಂಡು ರೈತರು ಹೌಹಾರಿದರು. ಇವು ಆ ಮಿಡತೆಗಳಲ್ಲವೆಂದು ಕೃಷಿ ಇಲಾಖೆಯವರು ಬಂದು ನೋಡಿ ಹೇಳಬೇಕಾಯಿತು. ಅದೇ ಭಯ ನಮ್ಮ ಕಡೆಗೂ ಬಂದಿತು.

ಒಂದು ಬೆಳಗ್ಗೆ ಉದಗೀರದ ಹೊರಗಿನ ಒಂದು ಹೊಲದ ದಾರಿಯಲ್ಲಿ ಹೊಗೆ ಎದ್ದುದನ್ನು ಕಂಡು ಹೋದೆನು. ಪರಿಚಯದ ಹಿರಿಯ ಒಕ್ಕಲಿಗರೊಬ್ಬರು ಒಂದು ಎಕ್ಕೆಯ ಪೊದೆಯನ್ನು ಆಗಲೇ ಸುಟ್ಟು, ಎರಡನೆಯದಕ್ಕೆ ಒಣಕಡ್ಡಿ ಒಟ್ಟುತ್ತಿದ್ದರು. ಬೆನ್ನಿಗೆ ಔಷಧದ ಪಂಪೂ ಸಿದ್ಧವಾಗಿತ್ತು.

“ಮಾಸ್ತರ್ರೀ, ಇವೇ ನೋಡ್ರಿ ಟೀವಿದಾಗ ತೋರಸ್ಲಾಕತ್ತಾರಲ್ಲ, ಆ ಟೋಳ. ಇವತ್ತ ಇಲ್ಲಿ ಕುಂತಾವ, ನಾಳಿಗಿ ಕಬ್ಬಿನಾಗ ಇಳೀತಾವ” ಎಂದರು.

“ಕಾಕಾ, ಕಡ್ಡಿ ಗೀರೂಕಿಂತ ಮೊದಲ ಒಂದೀಟು ನೋಡ್ರಿ. ಇವು ಎಷ್ಟು ದಿನದಿಂದ ಇಲ್ಲಿ ಅವ?”

“ಎಂಟು ದಿನ ಆಗಿರಬೇಕು.”

“ಟೋಳಿಗಿ ಹಸರು ಕಂಡ್ರ ಸಾಕು. ಎಂಟು ದಿನದಾಗ ನಿಮ್ಮ ಕಬ್ಬಿನ ಒಂದು ಗರಿನರ ಕಡದಾವೇನು?”

ಅವರು ಕಬ್ಬಿನ ಸಾಲಿಗೆ ಹೋಗಿ, ಗರಿಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ತಿರುವಿ ನೋಡಿದರು. ಎಕ್ಕೆ ಅರ್ಧ ಬೋಳಾಗಿದ್ದಿತು. ಅದರಿಂದ ಎರಡು ಮೊಳ ದೂರದ ಕಬ್ಬಿಗೆ ಒಂದು ಹಲ್ಲಿನ ಗುರುತೂ ಇರಲಿಲ್ಲ. ನಾನು ನನ್ನ ಮೊಬೈಲಿನಲ್ಲಿದ್ದ ಹಿಂದಿನ ವರ್ಷಗಳ ಚಿತ್ರಗಳನ್ನು ತೋರಿಸಿದೆನು: ಅದೇ ಬದು, ಅದೇ ಎಕ್ಕೆ, ಅದೇ ಮಿಡತೆ, ಪ್ರತಿಯೊಂದರ ಕೆಳಗೂ ತಾರೀಖು. ಅವರು ಬಹಳ ಹೊತ್ತು ನೋಡಿದರು. “ಅಂದ್ರ ಇವು ನಮ್ಮವೇ ಅನ್ರಿ” ಎಂದರು. ಆಮೇಲೆ ಸಂಶಯ ಪೂರ್ತಿ ಹರಿಯದೆ, “ನಾಳಿಗಿ ಕಡದ್ರ?” ಎಂದು ಕೇಳಿದರು. ನಾಳೆಯೂ ಬಂದು ನೋಡುವುದೆಂದು ಒಪ್ಪಂದವಾಯಿತು. ನಾಲ್ಕು ದಿನ ಇಬ್ಬರೂ ಹೋಗಿ ನೋಡಿದೆವು. ಎಕ್ಕೆ ಪೂರ್ತಿ ತೀರಿದರೆ ಈ ಮಿಡತೆ ಬೇರೆ ಗಿಡಕ್ಕೆ ಬಾಯಿ ಹಾಕುವುದುಂಟೆಂಬುದನ್ನೂ ನಾನು ಮುಚ್ಚಿಡಲಿಲ್ಲ. ಆದರೆ ಎಕ್ಕೆ ತೀರಲಿಲ್ಲ, ಕಬ್ಬು ಉಳಿಯಿತು, ಪಂಪಿನ ಔಷಧವೂ ಉಳಿಯಿತು. ಸುಟ್ಟ ಪೊದೆಯೊಳಗಿನ ಮಿಡತೆಗಳು ಮಾತ್ರ ಯಾರದೋ ಹೆಸರಿನಲ್ಲಿ ಸತ್ತವು.

ಟೋಳ ಎಂಬುದು ಪ್ರತ್ಯೇಕವಾದ ರಾಕ್ಷಸ ಕುಲವೇನೂ ಅಲ್ಲ. ಅದೂ ಗಿಡ್ಡ ಮೀಸೆಯ ಮಿಡತೆಯೇ. ಒಂಟಿಯಾಗಿರುವಾಗ ಮರುಭೂಮಿಯಲ್ಲಿ ತನ್ನ ಪಾಡಿಗೆ ತಾನಿರುವುದೇ, ದಟ್ಟಣೆಯಾದಾಗ ಬಣ್ಣವನ್ನೂ ನಡತೆಯನ್ನೂ ಬದಲಿಸಿ ಹಿಂಡಾಗುತ್ತದೆಂದು ಬೋರಿಸ್ ಉವರೋವ್ ಎಂಬ ವಿಜ್ಞಾನಿ 1921ರಲ್ಲಿ ತೋರಿಸಿಕೊಟ್ಟನು. ಎಲ್ಲ ಮಿಡತೆಗಳಿಗೂ ಈ ಗುಣವಿಲ್ಲ, ಕೆಲವೇ ಜಾತಿಗಳಿಗುಂಟು. ಯಾವುದು ಯಾವುದೆಂದು ತಿಳಿಯದಿದ್ದರೆ ಎಲ್ಲಕ್ಕೂ ಒಂದೇ ಬೆಂಕಿ.

ಹಾಗೆಂದು ಮಿಡತೆಗಳೆಲ್ಲವೂ ಸಾಧುಗಳೆಂದು ಹೇಳಿದರೆ ನಮ್ಮ ಜೋಳದ ರೈತರು ಒಪ್ಪರು, ಒಪ್ಪಲೂ ಬಾರದು. ದಖನ್ನಿನ ಜೋಳವನ್ನು ತಿಂದು ಹೆಸರಾದ ಮಿಡತೆಯೊಂದಿದೆ. ಅದಕ್ಕೆ ರೆಕ್ಕೆಗಳಿಲ್ಲ. ಲೆಸ್ಲಿ ಕೋಲ್‌ಮನ್ ಎಂಬ ಕೆನಡಾ ದೇಶದ ವಿದ್ವಾಂಸರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮಿಶ್ರಣವನ್ನು ಸಿಂಪಡಿಸುವ ರೂಢಿಯನ್ನು ತಂದವರು ಇವರೇ; ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಅವರೊಡನೆ ಕೆಲಸ ಮಾಡಿದ ಕುಂಞಿಕಣ್ಣನ್ ಎಂಬವರು ಮೈಸೂರಿನ ಕೀಟಶಾಸ್ತ್ರಕ್ಕೆ ಅಡಿಪಾಯ ಹಾಕಿದ ಭಾರತೀಯರು. ಜೋಳದ ಮಿಡತೆಯನ್ನು 1910ರಲ್ಲಿ ಸ್ಪೇನಿನ ಬೊಲಿವಾರ್ ಎಂಬ ಪಂಡಿತರು ವರ್ಣಿಸಿ, ಕೋಲ್‌ಮನ್ನರ ನೆನಪಿಗಾಗಿ ಅದಕ್ಕೆ ‘ಕೋಲ್‌ಮೇನಿಯಾ’ ಎಂದು ಹೆಸರಿಟ್ಟರು. 1911ರಲ್ಲಿ ಕೋಲ್‌ಮನ್ನರು ಅದರ ಮೇಲೆ ಒಂದು ಪುಸ್ತಿಕೆಯನ್ನು ಪ್ರಕಟಿಸಿದರು. ಪುಸ್ತಿಕೆ ಇಂಗ್ಲಿಷಿನಲ್ಲಿದ್ದರೂ ಅದರ ಶೀರ್ಷಿಕೆಯಲ್ಲಿಯೇ ‘ಜೋಳ’ ಎಂಬ ನಮ್ಮ ಮಾತಿದೆ. ಅಡಿಕೆಯ ಪುಸ್ತಿಕೆಯ ಶೀರ್ಷಿಕೆಯಲ್ಲಿಯೂ ‘ಕೊಳೆರೋಗ’ವೆಂದೇ ಇದೆ. ಕೆನಡಾದಿಂದ ಬಂದವರು ನಮ್ಮ ರೈತನ ಮಾತನ್ನು ಕೇಳಿ ಬರೆದುಕೊಂಡರು. ಮ್ಯಾಡ್ರಿಡ್ ನಗರದಲ್ಲಿ ಕುಳಿತು ಹೆಸರಿಟ್ಟ ಬೊಲಿವಾರರು ತಮ್ಮ ದೇಶದ ಅಂತರ್ಯುದ್ಧದ ತರುವಾಯ 1939ರಲ್ಲಿ ಮೆಕ್ಸಿಕೋಗೆ ವಲಸೆ ಹೋಗಿ ಅಲ್ಲಿಯೇ 1944ರಲ್ಲಿ ತೀರಿಕೊಂಡರು. ಒಂದು ಜೋಳದ ದಂಟಿನ ಮೇಲಿನ ಹುಳುವಿಗೆ ಮೂರು ಖಂಡಗಳ ಸಂಬಂಧ!

ಈ ಮಿಡತೆಯ ಚಿತ್ರ ನನಗೆ ಬಹುಕಾಲ ದೊರೆಯಲಿಲ್ಲ. ಕಾರಣವೂ ಕಣ್ಣೆದುರಿಗೇ ಇದ್ದಿತು. ನನ್ನ ಬಾಲ್ಯದಲ್ಲಿ ಆಳೆತ್ತರದ ಜೋಳ ನಿಲ್ಲುತ್ತಿದ್ದ ಮುಂಗಾರಿನ ಹೊಲಗಳಲ್ಲಿ ಇಂದು ಮೊಣಕಾಲೆತ್ತರದ ಸೋಯಾಬೀನು ಹಬ್ಬಿದೆ. ರೊಕ್ಕ ಬರುವ ಪೈರನ್ನು ಬಿತ್ತಿದ ರೈತನನ್ನು ನಾನು ದೂರಲಾರೆ. ಆದರೆ ಹಾರಬಲ್ಲ ಮಿಡತೆಗೆ ಒಂದು ಹೊಲ ಹೋದರೆ ಇನ್ನೊಂದು ಹೊಲ. ರೆಕ್ಕೆಯಿಲ್ಲದುದಕ್ಕೆ ಎಲ್ಲಿದೆ ದಾರಿ? ನಿಲಂಗಾದ ಕಡೆ ಹೋಗುವಾಗ, ಭಾದ್ರಪದದ ಒಂದು ಬೆಳಗ್ಗೆ, ದನದ ಮೇವಿಗೆಂದು ಬಿಟ್ಟ ಒಂದು ಚಿಕ್ಕ ಜೋಳದ ಹೊಲದಲ್ಲಿ ಕೊನೆಗೆ ಅದನ್ನು ಕಂಡೆನು. ದಂಟಿನ ಮೇಲೆ ದೊಡ್ಡ ಹೆಣ್ಣು, ಅದರ ಬೆನ್ನ ಮೇಲೆ ಚಿಕ್ಕ ಗಂಡು. ಕೂಡಿದ ಜೋಡಿಯಾದುದರಿಂದ ಅವು ಮರಿಗಳಲ್ಲ, ಪೂರ್ತಿ ಬೆಳೆದವೆಂಬುದು ನಿಶ್ಚಯ. ಆದರೂ ಎರಡರ ಬೆನ್ನಿನ ಮೇಲೂ ರೆಕ್ಕೆಯಿಲ್ಲ. ಹನ್ನೊಂದು ಚಿತ್ರ ತೆಗೆದೆನು. ಹೊಲದ ಒಡತಿ ಬಂದು ಇಣುಕಿ ನೋಡಿ, “ನಮ್ಮ ಅತ್ತಿ ಇದಕ್ಕ ಬೈಲಿಕ್ಕೆ ಬೈತಿದ್ರು. ನಾ ಮರತೇ ಬಿಟ್ಟಿದ್ದೆ” ಎಂದಳು. ಬೈಗುಳವೂ ಒಂದು ಬಗೆಯ ಪರಿಚಯವೇ. ಪೈರು ಹೋದರೆ ಅದರ ಹುಳು ಹೋಗುತ್ತದೆ, ಹುಳುವಿನ ಹೆಸರು ಹೋಗುತ್ತದೆ, ಅತ್ತೆಯ ಬೈಗುಳವೂ ಹೋಗುತ್ತದೆ. ಗಡಿಯಲ್ಲಿರುವ ನಮಗೆ ಮಾತು ಸವೆಯುವುದರ ಸಂಕಟ ಗೊತ್ತು. ಶಾಲೆಯ ಪುಸ್ತಕ ಒಂದೇ ಅದನ್ನು ತಡೆಯಲಾರದು. ಮಾತಿಗೆ ಎದುರಾಗಿ ವಸ್ತುವೂ ನಿಂತಿರಬೇಕು.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನನ್ನದೊಂದು ಅರಿಕೆ. ಮಕ್ಕಳ ಕೈಗೆ ಒಂದು ವಹಿಯನ್ನು ಕೊಡಿರಿ. ಒಂದೊಂದು ಮಿಡತೆಗೆ ಒಂದೊಂದು ಪುಟ: ಕಂಡ ತಾರೀಖು, ಕಂಡ ಸ್ಥಳ, ಕುಳಿತಿದ್ದ ಗಿಡ, ತಿನ್ನುತ್ತಿದ್ದುದೇನು, ಮನೆಯಲ್ಲಿ ಅಜ್ಜಿ ಅದನ್ನು ಏನೆಂದು ಕರೆಯುವಳು, ನೆರೆಮನೆಯ ಮರಾಠಿ ಅಥವಾ ಉರ್ದು ಮಾತು ಯಾವುದು. ಮನೆಯಲ್ಲಿ ಮೊಬೈಲಿದ್ದರೆ ಮೂರು ಚಿತ್ರಗಳು: ಪಕ್ಕದಿಂದ ಒಂದು, ಮೇಲಿನಿಂದ ಒಂದು, ಮುಖದ ಒಂದು. ಇಲ್ಲದಿದ್ದರೆ ಸೀಸದಕಡ್ಡಿಯ ಗೆರೆಯೇ ಸಾಕು. ಗೆರೆ ಎಳೆಯುವವನು ಚಿತ್ರ ತೆಗೆಯುವವನಿಗಿಂತ ಹೆಚ್ಚು ನೋಡಬೇಕಾಗುತ್ತದೆ. ಹಿಡಿಯುವುದು ಬೇಡ, ಕಾಲು ಕೀಳುವುದು ಬೇಡ.

ಬಾಲಕ ಬಾಲಕಿಯರಿಗೂ ಒಂದು ಮಾತು. ಹೋದ ವರ್ಷ ಮಣ್ಣಿನಲ್ಲಿ ಇಟ್ಟ ಮೊಟ್ಟೆಗಳಲ್ಲಿ ಎಷ್ಟೋ ಮೃಗಶಿರದ ಮಳೆಗಾಗಿ ಕಾಯುತ್ತಿರುತ್ತವೆ. ಮಳೆ ಬಿದ್ದ ಎರಡು ಮೂರು ವಾರಗಳಲ್ಲಿ ಬದುವಿನ ಎಳೆಯ ಹುಲ್ಲಿನೊಳಗೆ ಜೋಳದ ಕಾಳಿನಷ್ಟು ಮರಿಗಳು ಕಾಣಿಸಿಕೊಳ್ಳುತ್ತವೆ. ಕಾಲಿಟ್ಟಲ್ಲೆಲ್ಲ ಪಟಪಟನೆ ಸಿಡಿಯುತ್ತವೆ. ಆಗ ಬೆಳಗ್ಗೆ ಬೇಗನೆ ಎದ್ದು, ಸೂರ್ಯನು ಎದುರಿಗಿರುವಂತೆ ನಿಂತು, ನೆರಳನ್ನು ಬೆನ್ನ ಹಿಂದೆ ಬಿಟ್ಟುಕೊಂಡು, ಮೊಣಕಾಲೂರಿ ಕುಳಿತುಕೊಳ್ಳಿರಿ. ದಾರಿಹೋಕರು ನಕ್ಕರೆ ನಗಲಿ. ಏನು ಕಳೆದಿದೆಯೆಂದು ಕೇಳಿದರೆ, ಬಂದು ಕೂಡಿರೆಂದು ಅವರನ್ನೂ ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಿರಿ.